ಬೆಳೆಯುವ ಮೀನಿಗೆ ಅಳತೆ

ಕುಮಟೆಯ ಕಮಲಾಕರ ಟೇಲರ್ ಹೊಲಿದ ಬಟ್ಟೆ ಬಿಗಿಯಾಯಿತೆಂದು ಇಂದಿನವರೆಗೂ ಯಾರೂ ದೂರಿದ್ದಿಲ್ಲ. ಬರುವ ದೂರೆಲ್ಲ ಇನ್ನೊಂದು ಕಡೆಯದು. ಏಳನೆಯ ತರಗತಿಗೆಂದು ಅವನು ಹೊಲಿದುಕೊಟ್ಟ ಯೂನಿಫಾರ್ಮ್ ಮಗುವಿನ ಮೈಗೆ ಸರಿಯಾಗಿ ಕೂರುವುದು ಹತ್ತನೆಯ ತರಗತಿಯಲ್ಲಿ. ಅಲ್ಲಿಯವರೆಗೆ ಮಗು ಅಂಗಿಯೊಳಗೆ ಬಿಡಾರ ಹೂಡಿದಂತೆ ಕಾಣುತ್ತದೆ. ಕೇಳಿದರೆ, "ಬೆಳೆಯೂ ಮಕ್ಕಳು ಅಲ್ದಾ, ಅದಕ್ಕೇ ಬಟ್ಟೆ ಬಿಟ್ಟು ಹೊಲಿತೆ" ಎನ್ನುತ್ತಾನೆ. ಬೆಳವಣಿಗೆ ನಿಂತು ಎಷ್ಟೋ ಕಾಲವಾದ ನನ್ನ ರವಿಕೆಗೂ ಅವನು ಬಟ್ಟೆ ಬಿಡುತ್ತಾನೆ. ನಾನು ತಕರಾರು ಮಾಡಿಲ್ಲ. ಆ ಬೇಸಿಗೆಯಲ್ಲಿ ನನ್ನ ಎರಡು ರವಿಕೆ ಬಟ್ಟೆ ಅವನ ಅಂಗಡಿಯಲ್ಲಿ ಇದ್ದುದರಿಂದ, ವಿಚಾರಿಸಲು ಹೋಗಿ ಹೋಗಿ, ಇದನ್ನೆಲ್ಲ ಕಣ್ಣಾರೆ ನೋಡುವುದಾಯಿತು.

ಅವನ ಅಂಗಡಿ ಇರುವುದು ನಾಗಭೂಷಣ ಶ್ಯಾನಭಾಗರ ಹಳೆಯ ಕಟ್ಟಡದಲ್ಲಿ. ಎರಡೇ ಖೋಲಿಯ ಕಟ್ಟಡ, ಎರಡಕ್ಕೂ ಸೇರಿ ಒಂದು ಜಗಲಿ. ಒಂದರಲ್ಲಿ ಕಮಲಾಕರ, ಪಕ್ಕದ್ದರಲ್ಲಿ ಮೊಬೈಲ್ ರಿಪೇರಿಯ ಪ್ರಕಾಶ. ಪ್ರಕಾಶನಿಗೆ ಬಹಳ ದಿನದಿಂದ ಟೇಲರನ ಖೋಲಿಯ ಮೇಲೆ ಕಣ್ಣು. ನಡುವಿನ ಗೋಡೆ ತೆಗೆದು ಒಂದೇ ದೊಡ್ಡ ಅಂಗಡಿ ಮಾಡಿ, ಗಿರಾಕಿಗಳಿಗೆ ತಿರುಗುವ ಕುರ್ಚಿ ಹಾಕಬೇಕೆಂಬುದು ಅವನ ಆಸೆ. ಆ ಮೇ ತಿಂಗಳ ಕೊನೆಗೆ ಕಮಲಾಕರನ ಕರಾರು ಮುಗಿಯುವುದಿತ್ತು. ಶ್ಯಾನಭಾಗರು ಇಬ್ಬರಿಗೂ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಮೊಮ್ಮಗಳನ್ನು ಕರೆದುಕೊಂಡು ಪುಣೆಯ ಮಗಳ ಮನೆಗೆ ಹೋಗಿ ಬಂದ ಮೇಲೆ ನೋಡುವ ಎಂದರು. ಶಾಲೆ ಸುರುವಾಗುವ ಹೊತ್ತಿಗೆ ಖೋಲಿ ತಪ್ಪಿದರೆ ಟೇಲರನಿಗೆ ಇಡೀ ವರ್ಷದ ಅನ್ನ ತಪ್ಪಿದಂತೆ. ಕಮಲಾಕರ ಆ ದಿನಗಳಲ್ಲಿ ಕೂತಲ್ಲಿ ಕೂರುತ್ತಿರಲಿಲ್ಲ. ಮೆಷಿನಿನ ಕಾಲುಹಲಗೆ ತುಳಿಯುವುದನ್ನು ನಡುವೆ ನಿಲ್ಲಿಸಿ ಎದ್ದು ಬಂದು ಜಗಲಿಯಿಂದ ರಸ್ತೆ ನೋಡುತ್ತಿದ್ದ.

ಪುಣೆಗೆ ಹೊರಡುವ ಬೆಳಿಗ್ಗೆ ಶ್ಯಾನಭಾಗರು ಜಗಲಿಗೆ ಬಂದರು. ಜೊತೆಗೆ ಮೊಮ್ಮಗಳು ಅರ್ಚಿತಾ, ಅವಳ ಎದೆಗೆ ಒತ್ತಿ ಹಿಡಿದ ಗುಂಡನೆಯ ಗಾಜಿನ ಬೋಗುಣಿ, ಅದರಲ್ಲಿ ಆರು ಗಪ್ಪಿ ಮೀನು. ಇವನ್ನು ಯಾರ ಹತ್ತಿರ ಬಿಡುವುದೆಂದು ಶ್ಯಾನಭಾಗರು ಕೇಳಿದ್ದು ಪ್ರಕಾಶನನ್ನು. ಪ್ರಕಾಶ ಬಾಯಿ ತೆರೆಯುವ ಮೊದಲೇ ಕಮಲಾಕರ ಕೊರಳಿಗೆ ಟೇಪು ಹಾಕಿಕೊಂಡು ಹೊರಗೆ ಹಾರಿ ಬಂದ.

"ನಂಗೆ ಬಿಡಿ ರಾಯ್ರೆ. ಮೀನಿನ ವಿಷಯ ನಂಗೆ ಯಾರೂ ಹೇಳೂದು ಬೇಡ. ಹುಟ್ಟಿದಾಗಿಂದ ಮೀನಿನ ಸಂಗ್ತಿಗೇ ಬೆಳೆದವ ನಾನು."

ಇದು ಸುಳ್ಳೆಂದು ಹೇಳುವಂತಿಲ್ಲ. ಆದರೆ ಅವನೂ ಮೀನೂ ಅದುವರೆಗೆ ಭೇಟಿಯಾದದ್ದೆಲ್ಲ ಊಟದ ಬಟ್ಟಲಿನಲ್ಲಿ.

ಅರ್ಚಿತಾ ಒಂದೊಂದನ್ನೂ ತೋರಿಸಿ ಹೆಸರು ಹೇಳಿದಳು. ಮನೆಯವರ ಹೆಸರುಗಳನ್ನೇ ಇಟ್ಟಿದ್ದಳು. ಬಾಲ ಬೀಸುತ್ತ ಎಲ್ಲರ ಮುಂದೆ ಸುಳಿಯುವುದು ಪುಣೆಯ ಅತ್ತೆ, ಸದಾ ಮೂಲೆ ಹಿಡಿಯುವುದು ಮಾವ. ಎಲ್ಲಕ್ಕಿಂತ ದಪ್ಪಗೆ, ಬೂದು ಬಣ್ಣದಲ್ಲಿ, ಗಂಭೀರವಾಗಿ ಇದ್ದದ್ದು ಅಜ್ಜ. ಶ್ಯಾನಭಾಗರು ಆಗ ಚಪ್ಪಲಿ ಹಾಕಿಕೊಳ್ಳುತ್ತಿದ್ದರಿಂದ ಇದನ್ನು ಕೇಳಿಸಿಕೊಳ್ಳಲಿಲ್ಲ. "ಸತ್ತೋದ್ರೆ ಬೇರೆ ತಂದು ಹಾಕೂಕಿಲ್ಲ. ನಂಗೆ ಗೊತ್ತಾತದೆ" ಎಂದು ಅರ್ಚಿತಾ ಎಚ್ಚರಿಸಿದಳು. ಶ್ಯಾನಭಾಗರು ರಿಕ್ಷಾ ಹತ್ತುತ್ತ ನಕ್ಕು, "ಕೂಸಿನ ಮೀನು ಚಲೋ ಇದ್ರೆ ನಿನ್ನ ಖೋಲಿ ಮಾತೂ ಚಲೋದಾಗೇ ಆಗ್ತದೆ ಕಮಲಾಕರ" ಎಂದರು. ಅವರು ತಮಾಷೆಗೆ ಹೇಳಿದರೋ ಏನೋ. ಕಮಲಾಕರ ಅದನ್ನು ಹೈಕೋರ್ಟಿನ ತೀರ್ಪಿನಂತೆ ತೆಗೆದುಕೊಂಡ.

ಬೋಗುಣಿ ಮೊದಲು ಹೋದದ್ದು ಅವನ ಮನೆಗೆ. ಮಾರನೆಯ ದಿನ ಮೀನು ಮಾರುವ ಲಕ್ಕಿ ಬಂದು ಮನೆಯ ಜಗಲಿಯಲ್ಲಿ ಬುಟ್ಟಿ ಇಳಿಸಿದಳು. ಕಮಲಾಕರನ ಹೆಂಡತಿ ಮಾಲಿನಿ ಬಂಗಡೆ ಆರಿಸಲು ಕೈ ಚಾಚಿದವಳು ತಿರುಗಿ ನೋಡಿದರೆ, ಟೇಬಲ್ಲಿನ ಮೇಲೆ ಆರೂ ಮೀನುಗಳು ಗಾಜಿಗೆ ಮೂತಿ ಹಚ್ಚಿ ಇವಳನ್ನೇ ನೋಡುತ್ತಿದ್ದವು. ಅವಳ ಕೈ ಹಿಂದೆ ಬಂತು. ಅವುಗಳ ಕಣ್ಣೆದುರು ಹೇಗೆ ಹುರಿಯುವುದೆಂದು ಕೇಳಿದಳು. ಲಕ್ಕಿ ಬೋಗುಣಿಯೊಳಗೆ ಬಗ್ಗಿ ನೋಡಿ, "ಇದು ಸಾರಿಗೂ ಬಾರದು, ಪಲ್ಯಕ್ಕೂ ಬಾರದು. ಇದಕ್ಕೋಸ್ಕರ ಬಂಗಡೆ ಬಿಡೂದಾ ತಂಗಿ?" ಎಂದು ಬುಟ್ಟಿ ಎತ್ತಿದಳು. ನಾಲ್ಕು ದಿನ ಆ ಮನೆಯಲ್ಲಿ ಸೌತೆಕಾಯಿ ಹುಳಿಯಾಯಿತು. ಹುರಿದ ಮೀನಿನ ವಾಸನೆ ಬಾರದ್ದರಿಂದ ಕೇರಿಯವರು ಸೂತಕವೆಂದು ತಿಳಿದು ವಿಚಾರಿಸಲು ಬಂದರು. ಐದನೆಯ ದಿನ ಮಾಲಿನಿ ಬೋಗುಣಿಯನ್ನು ಗಂಡನ ಕೈಗೆ ಕೊಟ್ಟು, ಅಂಗಡಿಯಲ್ಲಿ ಇಟ್ಟುಕೊಳ್ಳಲು ಹೇಳಿದಳು.

ಅಂಗಡಿಗೆ ಬಂದ ಮೇಲೆಯೇ ಅಜ್ಜ ಮೇಲೆ ಬರುವುದನ್ನು ಬಿಟ್ಟದ್ದು. ಉಳಿದವು ಸುತ್ತುತ್ತಿದ್ದರೆ ಅದೊಂದು ತಳದಲ್ಲಿ ಕೂತು ಏದುಸಿರು ಬಿಡುತ್ತಿತ್ತು. ಹೊಟ್ಟೆ ಉಬ್ಬಿತ್ತು. ಕಮಲಾಕರ ಕೈಯಲ್ಲಿದ್ದ ಕತ್ತರಿ ಇಟ್ಟು ಬೋಗುಣಿಯ ಎದುರು ಕುಕ್ಕರಗಾಲಲ್ಲಿ ಕೂತ. ನನ್ನ ರವಿಕೆ ಆಗ ಅರ್ಧ ಕತ್ತರಿಸಿದ ಸ್ಥಿತಿಯಲ್ಲಿತ್ತು. ಬಹಳ ಹೊತ್ತು ನೋಡಿದ ಮೇಲೆ ಅವನು ತಲೆಯೆತ್ತಿ ರೋಗ ಹೇಳಿದ:

"ಬಿಗಿ ಆಗ್ತಾ ಉಂಟು. ಹೊಟ್ಟೆ ಹತ್ರ ಹಿಡೀತಾ ಉಂಟು, ನೋಡಿ."

ಅವನಿಗೆ ತಿಳಿದದ್ದು ಅದೊಂದೇ ರೋಗ. ಅದಕ್ಕಿರುವ ಮದ್ದೂ ಒಂದೇ, ಸಡಿಲ ಮಾಡುವುದು.

ಎಷ್ಟು ಸಡಿಲ ಎಂಬುದು ಪ್ರಶ್ನೆ. ಮರುದಿನ ಬೆಳಿಗ್ಗೆಯೇ ಅವನು ಹೊನ್ನಾವರದ ಬಸ್ಸು ಹತ್ತಿದ. ಅಲ್ಲಿ ಮಾಲಿನಿಯ ತಮ್ಮ ದಿನಕರ ಬೋಟಿನಲ್ಲಿ ಕೆಲಸ ಮಾಡುತ್ತಾನೆ. ದಿನಕರ ಬಂದರಿನಲ್ಲಿ ಬಲೆ ಹರಡಿ ಕೂತಿದ್ದ. ಸಣ್ಣ ಮೀನಿಗೆ ಎಷ್ಟು ಜಾಗ ಬೇಕು ಎಂಬ ಪ್ರಶ್ನೆಯನ್ನು ಅವನಿಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಅವನು ಎದುರಿನ ಸಮುದ್ರವನ್ನು ನೋಡಿದ, ಶರಾವತಿಯ ಅಳಿವೆಯನ್ನು ನೋಡಿದ, ಭಾವನನ್ನೂ ನೋಡಿದ. ಕಡೆಗೆ, ಮೀನಿಗೆ ಮುಖ್ಯವಾಗಿ ಬೇಕಾದದ್ದು ತಿರುಗಲು ಜಾಗ ಎಂದ. ಅವನ ಜೊತೆಯವನೊಬ್ಬ ಅದು ಎಷ್ಟು ಬೆಳೆಯುತ್ತದೆಂದು ಯಾರು ಬಲ್ಲರು, ತಾನು ಬೆರಳಿನಷ್ಟು ಕಂಡ ಮೀನು ಮುಂದೆ ತೋಳಿನಷ್ಟಾಗಿದೆ ಎಂದ. ಕೊಟ್ಟ ಚಾ ಅರ್ಧಕ್ಕೇ ಬಿಟ್ಟು ಕಮಲಾಕರ ಭಟ್ಕಳದ ಬಸ್ಸು ಹಿಡಿದ.

ಭಟ್ಕಳದಲ್ಲಿ ಬಣ್ಣದ ಮೀನಿನ ಅಂಗಡಿ ಇಟ್ಟಿರುವ ಮುಜೀಬ್ ಭಾಯಿ ಸಮಾಧಾನದ ಮನುಷ್ಯ. ಯಾವ ಮೀನು, ಎಷ್ಟು ಎಂದು ಕೇಳಿ, ಗಪ್ಪಿ ಆರು ಎಂದಾಗ, ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಧಾರಾಳ ಸಾಕೆಂದರು. ಗುಂಡು ಬೋಗುಣಿ ನೋಡಲು ಚಂದ, ಮೀನಿಗೆ ಚಂದವಲ್ಲ ಎಂದರು. ಎತ್ತರಕ್ಕಿಂತ ಉದ್ದ ಮುಖ್ಯ, ಬಾಯಿ ಅಗಲವಿದ್ದಷ್ಟು ನೀರಿಗೆ ಗಾಳಿ ಹೆಚ್ಚು, ಹೊಸ ತೊಟ್ಟಿಗೆ ನೀರು ತುಂಬಿ ಒಂದು ವಾರ ಬಿಟ್ಟು ಆಮೇಲೆ ಮೀನು ಬಿಡಬೇಕು ಎಂದೆಲ್ಲ ವಿವರಿಸಿದರು. ಅಳತೆ ಸರಿಯಾಗಿದ್ದ ತೊಟ್ಟಿಯೊಂದನ್ನು ಕಪಾಟಿನಿಂದ ಇಳಿಸಿ ಮುಂದಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋಗಬಹುದು ಎಂದೂ ಹೇಳಿದರು.

ಕಥೆ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕಮಲಾಕರ ಆ ತೊಟ್ಟಿಯನ್ನು ನೋಡಿದ ನೋಟವನ್ನು ಟೇಲರ್ ಅಲ್ಲದವರಿಗೆ ವಿವರಿಸುವುದು ಕಷ್ಟ. ಅದು ರೆಡಿಮೇಡು. ಇಪ್ಪತ್ತು ವರ್ಷದಿಂದ ಅವನ ಗಿರಾಕಿಗಳನ್ನು ಕದ್ದೊಯ್ಯುತ್ತಿರುವ ರೆಡಿಮೇಡು. ಕಂಡವರ ಮೈಗೆ ಕಂಡವರ ಅಳತೆ ಹಾಕುವ ರೆಡಿಮೇಡನ್ನು ಹಣ ಕೊಟ್ಟು, ಅದೂ ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕುಮಟೆಗೆ ತರುವುದೇ?

"ಮುಂದೆ ಬೆಳೆದ್ರೆ?" ಎಂದು ಅವನು ಕೇಳಿದ.

"ಬೆಳೆದ್ರೂ ಎರಡು ಇಂಚು, ಭಾಯಿ. ಹಾಂ, ಜಾಗ ಜಾಸ್ತಿ ಇದ್ದಷ್ಟೂ ಒಳ್ಳೇದೇ."

ಬಸ್ಸಿನಲ್ಲಿ ಬರುವಾಗ ಮುರ್ಡೇಶ್ವರ ದಾಟುವಷ್ಟರಲ್ಲಿ ಅವನು ಮೊದಲ ವಾಕ್ಯ ಮರೆತಿದ್ದ. ಎರಡನೆಯದು ಮಾತ್ರ ಉಳಿದಿತ್ತು.

ಮರುದಿನ ಅವನು ಅಳತೆ ತೆಗೆದ. ಬೋಗುಣಿಯ ಹೊರಗಿನಿಂದ ಗಾಜಿಗೆ ಟೇಪು ಹಚ್ಚಿ, ಮೀನು ಹತ್ತಿರ ಬಂದಾಗ ಗಕ್ಕನೆ ಉದ್ದ ನೋಡುವುದು. ಗುಂಡು ಗಾಜು, ಅದರೊಳಗೆ ನೀರು. ಬೆರಳಗಲದ ಮೀನು ಅದರಲ್ಲಿ ಅಂಗೈಯಗಲ ಕಾಣುತ್ತದೆ. ಅಜ್ಜನ ಉದ್ದ ಬಾಲ ಸೇರಿ ಮೂರೂವರೆ ಇಂಚು ಬಂತು. ಸುತ್ತಳತೆ ತೆಗೆಯಲಾಗದ್ದಕ್ಕೆ ಅವನಿಗೆ ಬೇಸರವಿತ್ತು. ಆಮೇಲೆ ಭಟ್ಕಳದ ಅಳತೆಗೆ ತನ್ನ ಲೆಕ್ಕ ಸೇರಿಸಿದ. ಬೆಳವಣಿಗೆಗೆ ಎರಡಡಿ. ತಿರುಗಲು ಜಾಗ ಒಂದಡಿ. ಒಳಗೆ ಮಡಿಸಲು ಬಿಡುವುದು, ಅದು ಯಾವ ಬಟ್ಟೆಗೂ ತಪ್ಪದ್ದು, ಎರಡು ಕಡೆ ಅರ್ಧರ್ಧ ಅಡಿ. ಗಾಜನ್ನು ಎಲ್ಲಿ ಮಡಿಸುತ್ತಾರೆಂದು ನಾನು ಕೇಳಿದೆ. ಬಿಟ್ಟಿರಬೇಕು ಎಂದ. ಹೀಗೆ ಆರಡಿ ಉದ್ದ, ಅದಕ್ಕೆ ತಕ್ಕಂತೆ ಎರಡೂವರೆ ಅಡಿ ಅಗಲ, ಎರಡಡಿ ಎತ್ತರವಾಯಿತು. ಅದನ್ನು ಸೀಮೆಸುಣ್ಣದಲ್ಲಿ ಖೋಲಿಯ ನೆಲದ ಮೇಲೆ ಗೀಚಿದಾಗ ಕತ್ತರಿಸುವ ಟೇಬಲ್ಲು, ಗಿರಾಕಿಗಳ ಬೆಂಚು, ಮೆಷಿನು ಮೂರೂ ಗೆರೆಯೊಳಗೆ ಸಿಕ್ಕವು.

ಗಾಜು ಕೂರಿಸುವ ಪಾಂಡು ಬಂದು ಗೆರೆ ನೋಡಿ, ಇಷ್ಟು ನೀರಿಗೆ ದಪ್ಪ ಗಾಜೇ ಬೇಕು, ಕೆಳಗೆ ಚಿರೇಕಲ್ಲಿನ ಕಟ್ಟೆಯೇ ಬೇಕು ಎಂದ. ಒಂದೇ ಪಡಿಯ ಇಕ್ಕಟ್ಟು ಬಾಗಿಲಿನಲ್ಲಿ ಇದು ನುಗ್ಗದು, ಒಳಗೇ ಕೂತು ಅಂಟಿಸಬೇಕು ಎಂದ. ಒಳಗೆ ಏನು ಇಡುತ್ತಾನೆಂದು ಕೇಳಲಿಲ್ಲ. ಕೇಳಿದ್ದರೆ ಕಮಲಾಕರ ಆರು ಗಪ್ಪಿ ಎನ್ನಬೇಕಿತ್ತು, ಪಾಂಡು ನಗುತ್ತಿದ್ದ. ಗಾಜಿನ ಖರ್ಚಿನ ಲೆಕ್ಕ ಮಾಲಿನಿಗೆ ಇಂದಿಗೂ ತಿಳಿದಿಲ್ಲ.

ಈಗ ಪಕ್ಕದ ಖೋಲಿಯಿಂದ ನೋಡಿ. ಟೇಲರ್ ನೆಲದ ಮೇಲೆ ಗೆರೆ ಎಳೆದಿದ್ದಾನೆ. ಗಾಡಿಯಲ್ಲಿ ಚಿರೇಕಲ್ಲು ಬಂದಿದೆ. ಪಾಂಡು ಆಳೆತ್ತರದ ಗಾಜು ಹೊತ್ತು ಒಳಗೆ ಹೋಗುತ್ತಿದ್ದಾನೆ. ಪ್ರಕಾಶ ಬಂದು ಎಂತ ಮಾಡುವುದೆಂದು ಕೇಳಿದರೆ ಕಮಲಾಕರ ಬಾಗಿಲಿಗೆ ಅಡ್ಡ ನಿಂತು, "ಎಂತದೂ ಅಲ್ಲ" ಎನ್ನುತ್ತಾನೆ. ಅಜ್ಜನಿಗೆ ಹುಷಾರಿಲ್ಲವೆಂಬ ಸುದ್ದಿ ಪ್ರಕಾಶನ ಕಿವಿಗೆ ಬಿದ್ದರೆ ಒಂದು ಗಳಿಗೆಯಲ್ಲಿ ಪುಣೆಗೆ ಮುಟ್ಟುತ್ತದೆಂದು ಕಮಲಾಕರನಿಗೆ ಹೆದರಿಕೆ. ಪ್ರಕಾಶ ತನಗೆ ತಿಳಿದಂತೆ ತಿಳಿದ: ಟೇಲರ್ ಯಾರನ್ನೂ ಕೇಳದೆ ಗಾಜಿನ ಶೋರೂಮ್ ಕಟ್ಟುತ್ತಿದ್ದಾನೆ; ಕಟ್ಟಿಬಿಟ್ಟರೆ ಎಬ್ಬಿಸಲು ಬರುವುದಿಲ್ಲ.

ಸಂಜೆಯೊಳಗೆ ಮಾರ್ಕೆಟ್ಟಿಗೆಲ್ಲ ಶೋರೂಮ್ ಸುದ್ದಿ ಹರಡಿತು. ಮಾರನೆಯ ದಿನ ಪುಣೆಯಿಂದ ಫೋನು. ಶ್ಯಾನಭಾಗರು ಖೋಲಿಯಲ್ಲಿ ಗಾಜಿನ ಕೆಲಸ ನಡೆಯುತ್ತಿರುವುದು ಹೌದೇ ಎಂದು ಕೇಳಿದರು. ಕಮಲಾಕರನ ಬೆವರು ಫೋನಿಗಿಳಿಯಿತು. ಸಣ್ಣ ಕೆಲಸ ಎಂದ.

"ಆರಡಿ ಗಾಜು ಸಣ್ಣ ಕೆಲಸವಾ?"

"ಇಲ್ಲ ರಾಯ್ರೆ, ಮುಂದೆ ಬೆಳೆಯೂಕೆ ಅಂತ ಸ್ವಲ್ಪ ಬಿಟ್ಟಿದ್ದು."

ಶ್ಯಾನಭಾಗರು ಫೋನು ಇಟ್ಟರು. ಬಾಡಿಗೆಯವನು ತನ್ನ ಕಟ್ಟಡದಲ್ಲಿ ಬೆಳೆಯಲು ಹೊರಟಿದ್ದಾನೆಂದು ಕೇಳಿದ ಮಾಲೀಕ ಇನ್ನೆಂತ ಮಾಡುತ್ತಾನೆ?

ಆ ವಾರ ಅಂಗಡಿಗೆ ಬಂದವರಲ್ಲಿ ಬಟ್ಟೆ ತಂದವರು ಕಡಿಮೆ. ಪುರಸಭೆಯವರೊಬ್ಬರು ಬಂದು, ಹೊಲಿಗೆಯ ಪರವಾನಗಿಯಲ್ಲಿ ಬೇರೆ ವ್ಯಾಪಾರ ನಡೆಸುವಂತಿಲ್ಲ ಎಂದು ಗಾಜಿನ ಸುತ್ತ ಎರಡು ಸಲ ತಿರುಗಿದರು. ಒಳಗೆ ಬರೇ ನೀರಿತ್ತು. ನೀರು ಮಾರುವುದೇ ಎಂದು ಕೇಳಿದರು. ಇಲ್ಲ, ವಾರ ಇಟ್ಟು ಹದ ಮಾಡುವುದು ಎಂದ ಕಮಲಾಕರ. ನೀರನ್ನು ಹದ ಮಾಡುವ ವ್ಯಾಪಾರಕ್ಕೆ ಯಾವ ಪರವಾನಗಿ ಎಂಬುದು ಅವರಿಗೂ ತಿಳಿಯದೆ, ಬಂದ ತಪ್ಪಿಗೆ ಒಂದು ಪ್ಯಾಂಟಿನ ಅಳತೆ ಕೊಟ್ಟು ಹೋದರು. ಮಾವಳ್ಳಿಯಿಂದ ಮಾಲಿನಿಯ ತಂಗಿ ಹೇಮಾ ಹೂವು, ತೆಂಗಿನಕಾಯಿ ಹಿಡಿದು ಬಂದಳು. ಶೋರೂಮಿನ ಉದ್ಘಾಟನೆಗೆ ಸ್ವಂತದವರನ್ನೇ ಕರೆಯಲಿಲ್ಲವೆಂದು ಅವಳಿಗೆ ಸಿಟ್ಟು. ಇದು ಮೀನಿಗೆ ಎಂದು ಅಕ್ಕ ಕಿವಿಯಲ್ಲಿ ಹೇಳಿದಾಗ ಅವಳು ಗಾಜನ್ನೂ ಬೋಗುಣಿಯನ್ನೂ ಭಾವನನ್ನೂ ಕ್ರಮವಾಗಿ ನೋಡಿ, ಕಾಯಿಯನ್ನು ಚೀಲಕ್ಕೆ ವಾಪಸ್ ಹಾಕಿದಳು. "ಭಾವನಿಗೆ ನಿದ್ದೆ ಬರ್ತದಾ ಸರಿ?" ಎಂದಷ್ಟೇ ಕೇಳಿದಳು.

ನಿದ್ದೆ ಬರುತ್ತಿರಲಿಲ್ಲ. ಕಟ್ಟಡದ ಬಾವಿಯಿಂದ ನೀರು ಹೊತ್ತು ಅವನ ಸೊಂಟ ಹಿಡಿದಿತ್ತು. ಮೆಷಿನು ಜಗಲಿಗೆ ಬಂದಿತ್ತು. ಯೂನಿಫಾರ್ಮಿನ ಬಟ್ಟೆಯ ಗಂಟುಗಳು ಜಗಲಿಯ ಕಂಬಕ್ಕೆ ಒರಗಿದ್ದವು. ಅವನು ಎರಡು ಹೊಲಿಗೆ ಹಾಕುವುದು, ಎದ್ದು ಹೋಗಿ ಅಜ್ಜನನ್ನು ನೋಡುವುದು, ಬಂದು ಮತ್ತೆರಡು ಹೊಲಿಗೆ ಹಾಕುವುದು. ಆ ವರ್ಷದ ಯೂನಿಫಾರ್ಮುಗಳಲ್ಲಿ ಎಡಗೈ ಬಲಗೈಗಿಂತ ಉದ್ದವಾದದ್ದು ಹೀಗೆ.

ವಾರ ಕಳೆದು ಮೀನುಗಳನ್ನು ಹೊಸ ತೊಟ್ಟಿಗೆ ಬಿಟ್ಟ. ಬಿಟ್ಟ ಕೂಡಲೇ ಅವು ಕಾಣದಾದವು. ಅಷ್ಟು ನೀರಿನಲ್ಲಿ ಆರು ಗಪ್ಪಿಯನ್ನು ಹುಡುಕುವುದೆಂದರೆ ಗೋರೆಯ ದೊಡ್ಡ ಮೈದಾನದಲ್ಲಿ ಬಿದ್ದ ಅಂಗಿಯ ಗುಂಡಿ ಹುಡುಕಿದಂತೆ. ಬಟ್ಟೆ ಕೇಳಲು ಬಂದ ತಾಯಂದಿರೆಲ್ಲ ಗಾಜಿನ ನಾಲ್ಕೂ ಕಡೆ ನಿಂತು ಹುಡುಕಿದರು. ಅತ್ತೆ ಸಿಕ್ಕಳು, ಮಾವ ಮೂಲೆಯಲ್ಲಿ ಸಿಕ್ಕ. ಉಳಿದ ಮೂರೂ ಸಿಕ್ಕವು. ತೊಟ್ಟಿಗೆ ಹಾಕಿದ್ದ ನೀರುಸೊಪ್ಪಿನ ನಡುವೆ ಅಡಗಿದ ಅಜ್ಜ ಮಾತ್ರ ಮಾರನೆಯ ದಿನದವರೆಗೂ ಸಿಗಲಿಲ್ಲ. ಸಿಕ್ಕಾಗ ಹೊಟ್ಟೆ ಇಳಿದಿತ್ತು. ಲವಲವಿಕೆಯಿಂದ ಓಡಾಡುತ್ತಿತ್ತು. "ಸಡಿಲ ಆದ ಕೂಡ್ಲೆ ಗುಣ ಆತು ನೋಡಿ" ಎಂದ ಕಮಲಾಕರ. ನೀರಿನಲ್ಲಿ ಅಲ್ಲಲ್ಲಿ ನೂಲಿನ ತುಂಡಿನಂಥವು ತೇಲುತ್ತಿದ್ದವು. ತನ್ನ ಅಂಗಿಯಿಂದ ಬಿದ್ದಿರಬೇಕೆಂದು ಚಾ ಸೋಸುವ ಜಾಲರಿ ತಂದ. ಜಾಲರಿ ಹತ್ತಿರ ಹೋದರೆ ನೂಲುಗಳು ಓಡಿದವು.

ಅವನು ಜಾಲರಿ ಹಿಡಿದು ನಿಂತಿರುವಾಗಲೇ ಶ್ಯಾನಭಾಗರು ಬಂದದ್ದು, ಹೇಳಿದ ದಿನಕ್ಕಿಂತ ಮೊದಲೇ. ರೈಲಿನಿಂದ ಇಳಿದು ನೇರ ಬಂದಿದ್ದರು. ಮುಂದೆ ಪ್ರಕಾಶ, ಹಿಂದೆ ಅರ್ಚಿತಾ. ಎಲ್ಲರಿಗೂ ಒಳಗೆ ಜಾಗ ಸಾಲದೆ ಶ್ಯಾನಭಾಗರು ಬಾಗಿಲಲ್ಲೇ ಅಡ್ಡವಾಗಿ ನಿಂತರು. ತೊಟ್ಟಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ಶೋರೂಮ್ ಎಲ್ಲಿ?" ಎಂದು ಪ್ರಕಾಶನನ್ನು ಕೇಳಿದರು.

ಪ್ರಕಾಶ ಶೋರೂಮ್ ಇಲ್ಲದ್ದನ್ನು ನೋಡಿ ಒಂದು ಕ್ಷಣ ತಬ್ಬಿಬ್ಬಾದ. ಆದರೆ ವ್ಯಾಪಾರಿ. ಇದಿನ್ನೂ ಅನ್ಯಾಯ, ಇಷ್ಟು ಭಾರಕ್ಕೆ ನೆಲ ಕುಸಿಯುತ್ತದೆ, ಕರಾರು ಮುಗಿಯಿತು, ಇದನ್ನು ಇವತ್ತೇ ತೆಗೆಸಬೇಕು ಎಂದ. ಪಾಂಡುವನ್ನು ಕರೆಸಿದರು. ಬಾಗಿಲಿನಲ್ಲಿ ಹೋಗದು ಎಂದ ಪಾಂಡು. ತೆಗೆಯಬೇಕಾದರೆ ಗಾಜು ಒಡೆಯಬೇಕು, ಇಲ್ಲವೇ ರಾಯರ ಗೋಡೆ ಒಡೆಯಬೇಕು. ಗೋಡೆ ಎಂದಾಗ ಶ್ಯಾನಭಾಗರು ಮೀಸೆ ಮುಟ್ಟಿಕೊಂಡರು. ಗಾಜೇ ಒಡೆಯಿರಿ, ಮೀನು ತಾನು ನೋಡಿಕೊಳ್ಳುತ್ತೇನೆ ಎಂದ ಪ್ರಕಾಶ.

ಅರ್ಚಿತಾ ಅವನನ್ನು ಕರೆದು ಗಾಜಿನ ಹತ್ತಿರ ನಿಲ್ಲಿಸಿದಳು. "ಇದರಲ್ಲಿ ಅಜ್ಜ ಯಾವ್ದು?"

ಪ್ರಕಾಶ ಬಾಗಿಲಲ್ಲಿ ನಿಂತ ಶ್ಯಾನಭಾಗರನ್ನು ತೋರಿಸಿದ. ಅವನದು ತಪ್ಪಲ್ಲ. ಅವಳು ಕಮಲಾಕರನತ್ತ ತಿರುಗಿದಳು. ಖೋಲಿ ಉಳಿಯುವುದೂ ಹೋಗುವುದೂ ಈ ಉತ್ತರದಲ್ಲಿದೆಯೆಂದು ಅವನಿಗೆ ಗೊತ್ತಾಯಿತು. ಗಾಜಿಗೆ ಬೆರಳು ಹಚ್ಚಿ ತೋರಿಸಿದ.

"ಅಲ್ಲಿ, ಸೊಪ್ಪಿನ ಹತ್ರ. ನಿನ್ನೆ ಹೆತ್ತದ್ದು ಉಂಟಲ್ಲ, ಅದೇ ಅಜ್ಜ."

ಹಾಗೆ ಹೇಳುತ್ತಿರುವಾಗಲೇ ಅವನಿಗೂ ಅದು ನೂಲಲ್ಲ, ಮರಿ ಎಂದು ಗೊತ್ತಾದದ್ದು. ಮಾತು ಬಾಯಿ ಬಿಟ್ಟಾಗಿತ್ತು. ಜಗಲಿಯಲ್ಲಿದ್ದ ನಾವೆಲ್ಲ ಬೇರೆ ಬೇರೆ ದಿಕ್ಕು ನೋಡಿದೆವು. ಶ್ಯಾನಭಾಗರ ಕಿವಿ ಕೆಂಪಾಯಿತು. ಅವರು ಕನ್ನಡಕ ಹಾಕಿಕೊಂಡು, ಹೊಟ್ಟೆ ಒಳಗೆಳೆದು, ಗೋಡೆ ಗಾಜಿನ ನಡುವೆ ನುಸುಳಿ ಬಗ್ಗಿದರು. ನೂಲಿನಂಥ ಮರಿಗಳು ಅವರ ಮೂಗಿನೆದುರು ಸಾಲಾಗಿ ಹೋದವು.

"ಎಷ್ಟುಂಟು?" ಎಂದು ಮೆಲ್ಲಗೆ ಕೇಳಿದರು.

"ಎಣಿಸೂಕೆ ನಿಲ್ತಾ ಇಲ್ಲ ರಾಯ್ರೆ."

"ಎಲ್ಲ ಆರಾಮುಂಟಾ?"

"ಜಾಗ ಬಿಟ್ಟಿದ್ದೆ ಅಲ್ದಾ."

ಶ್ಯಾನಭಾಗರು ನೆಟ್ಟಗಾಗಿ ತೀರ್ಪು ಕೊಟ್ಟರು. ಗಾಜೂ ಒಡೆಯುವಂತಿಲ್ಲ, ಗೋಡೆಯೂ ಒಡೆಯುವಂತಿಲ್ಲ. ಬಾಣಂತಿ ಇರುವ ಜಾಗದಲ್ಲಿ ಒಡೆಯುವ ಮಾತೇ ಇಲ್ಲ. ಖೋಲಿ ಕಮಲಾಕರನದೇ, ಕರಾರು ಹಿಂದಿನಂತೆಯೇ. ಕಮಲಾಕರ ಮೂರು ವಾರದಲ್ಲಿ ಮೊದಲ ಸಲ ನಿಶ್ಚಿಂತೆಯಿಂದ ಕೂತ, ಕೂರಲು ಬೆಂಚಿಲ್ಲದ್ದರಿಂದ ಚಿರೇಕಲ್ಲಿನ ಕಟ್ಟೆಯ ಅಂಚಿಗೆ.

ಅಂದಿನಿಂದ ಶ್ಯಾನಭಾಗರು ದಿನಾ ಸಂಜೆ ಒಳಗೆ ಒಂದು ಸ್ಟೂಲು ಹಾಕಿ ಕೂರತೊಡಗಿದರು. ಒಳಗೆ ಅವರು, ಹೊರಗೆ ಜಗಲಿಯಲ್ಲಿ ಕಮಲಾಕರ ಮತ್ತು ಮೆಷಿನು. ಜೂನಿನಲ್ಲಿ ಮಳೆ ಹಿಡಿದು ಎರಚಲು ಜಗಲಿಗೆ ಹೊಡೆಯತೊಡಗಿದಾಗ, ಮೆಷಿನನ್ನು ಒಳಗೆ ಸ್ವಲ್ಪ ಸರಿಸಬಹುದೇ ಎಂದು ಅವನು ಕೇಳಿದ. ಮೆಷಿನಿನ ಸದ್ದಿಗೆ ಮರಿಗಳು ಬೆದರುತ್ತವೆ ಎಂದರು ಶ್ಯಾನಭಾಗರು. ಹಾಗಾದರೆ ಬಟ್ಟೆ ಎಲ್ಲಿ ಹೊಲಿಯಲಿ ಎಂದು ಕೇಳಿದ್ದಕ್ಕೆ ಅವರು ಎದ್ದು ಹೋಗಿ ಪಕ್ಕದ ಖೋಲಿಯನ್ನು ಕಣ್ಣಳತೆಯಲ್ಲಿ ನೋಡಿದರು. ಅದೂ ಅವರದೇ ಖೋಲಿ.

ನನ್ನ ಎರಡು ರವಿಕೆಗಳು ತಯಾರಾದದ್ದು ಪ್ರಕಾಶನ ಆ ಖೋಲಿಯಲ್ಲಿ. ತೆಗೆದುಕೊಳ್ಳಲು ಹೋದಾಗ ಒಂದು ಬದಿಯಲ್ಲಿ ಕಮಲಾಕರನ ಮೆಷಿನು ಕಟಕಟ ಎನ್ನುತ್ತಿತ್ತು. ಇನ್ನೊಂದು ಬದಿಯಲ್ಲಿ ಪ್ರಕಾಶ ಯಾರದೋ ಮೊಬೈಲನ್ನು ಬಿಚ್ಚಿ ಮೊಣಕಾಲಿನ ಮೇಲೆ ಇಟ್ಟುಕೊಂಡು, ಕಮಲಾಕರ ಅಡಿಯಿಟ್ಟು ಅಳೆದು ಸೀಮೆಸುಣ್ಣದಲ್ಲಿ ನೆಲದ ಮೇಲೆ ಎಳೆದ ಗೆರೆಯ ಆಚೆ ಕಾಲು ಹೋಗದಂತೆ ಮಡಚಿ ಕೂತಿದ್ದ. ಗೆರೆ ಖೋಲಿಯ ನಡುವಿನಲ್ಲಿರಲಿಲ್ಲ, ಪ್ರಕಾಶನ ಕಡೆಗೆ ಒಂದೂವರೆ ಅಡಿ ಸರಿದಿತ್ತು. ಯಾಕೆಂದು ಕೇಳುವ ಅಗತ್ಯ ನನಗೆ ಬರಲಿಲ್ಲ.